ಅಜ್ಜಿಯ ಹಿತ್ತಾಳೆ ಚೊಂಬು ಚಿತ್ರದಲ್ಲಿ ಹೊಳೆಯುತ್ತಿಲ್ಲ, ಏನು ಮಾಡಲಿ?

ತೀರ್ಥಹಳ್ಳಿ_ಮನೆ:
ನಮಸ್ಕಾರ. ಈ ಮಳೆಗಾಲದಲ್ಲಿ ಮನೆ ಸಾಮಾನುಗಳನ್ನು ಒಂದೊಂದಾಗಿ ಬರೆಯುತ್ತಿದ್ದೇನೆ. ಒರಳುಕಲ್ಲು, ಕಡೆಗೋಲು ಚೆನ್ನಾಗಿಯೇ ಬಂದವು. ಅಜ್ಜಿಯ ಹಿತ್ತಾಳೆ ಚೊಂಬು ಮಾತ್ರ ಮೂರು ಸಲ ಬರೆದರೂ ಅರಿಶಿನ ಬಳಿದ ಮಡಕೆ ಥರ ಕಾಣುತ್ತದೆ. 4ಬಿ ಪೆನ್ಸಿಲ್‌ನಲ್ಲಿ ನೆರಳು ಹಾಕಿ ಮೇಲೆ ಜಲವರ್ಣ ಹಚ್ಚಿದರೆ ಹಳದಿಯೆಲ್ಲ ಬೂದು. ಇನ್ನೊಂದು, ಹೋದ ವರ್ಷ ತಂದ ಹಾಳೆಯಲ್ಲಿ ಬಣ್ಣ ಚುಕ್ಕೆ ಚುಕ್ಕೆಯಾಗಿ ಇಂಗುತ್ತಿದೆ. ಯಾಕೆ?

ಶಿವಮೊಗ್ಗ_ಕುಂಚ:
ಮೊದಲು 4ಬಿ ಬಿಡಿ. ಅದು ಉದುರಿಸುವ ಪುಡಿ ಜಾಸ್ತಿ, ನೀರು ತಾಗಿದರೆ ಹಳದಿ ಜೊತೆ ಬೆರೆಯುತ್ತದೆ. ಎಚ್‌ಬಿಯಲ್ಲಿ ತೆಳ್ಳಗೆ ಹೊರಗೆರೆ ಎಳೆಯಿರಿ, ಮೆತ್ತನೆ ರಬ್ಬರ್ ಒತ್ತಿ ಇನ್ನೂ ತಿಳಿ ಮಾಡಿ, ಬಣ್ಣ ಬಿದ್ದ ಮೇಲೆ ಕೆಳಗಿನ ಗೆರೆ ಅಳಿಸಲು ಬರುವುದಿಲ್ಲ. ನೆರಳನ್ನು ಬಣ್ಣಕ್ಕೇ ಬಿಡಿ. ಗಾಢ ಗೆರೆ ಬೇಕಿದ್ದರೆ ಪೂರ್ತಿ ಒಣಗಿದ ಮೇಲೆ.

ಹೊಳಪಿಗೆ ಬಂದರೆ, ಚೊಂಬನ್ನು ಕಿಟಕಿ ಪಕ್ಕ ಇಟ್ಟು ಹತ್ತು ನಿಮಿಷ ಸುಮ್ನೆ ನೋಡಿ. ಅದರ ಹೊಟ್ಟೆಯಲ್ಲಿ ಕಿಟಕಿ ಸರಳು ಬಾಗಿ ಕಾಣುತ್ತದೆ, ಅಡುಗೆಮನೆಯ ಕತ್ತಲೆಯೂ ಇರುತ್ತದೆ, ಬರೀ ಹಳದಿ ಅಲ್ವೇ ಅಲ್ಲ. ಕಿಟಕಿಯ ಬೆಳಕು ಬಿದ್ದ ಜಾಗ ಹಾಳೆಯ ಬಿಳಿಯಾಗಿಯೇ ಉಳಿಯಲಿ. ಅದಕ್ಕೆ ತಾಗಿಸಿ ಬರ್ನ್ಟ್ ಸಿಯೆನ್ನಾಗೆ (ಕೆಂಗಂದು) ಅಲ್ಟ್ರಾಮರೀನ್ (ಕಡುನೀಲಿ) ಬೆರೆಸಿದ ಕಡುಗಂದು. ಉಳಿದಲ್ಲಿ ಯೆಲ್ಲೋ ಓಕರ್, ಅಂದರೆ ಮಣ್ಣು ಹಳದಿ. ಉಜ್ಜಿದ ಲೋಹದಲ್ಲಿ ಬೆಳಕು ಥಟ್ಟನೆ ಕತ್ತಲಾಗುತ್ತದೆ, ಮಡಕೆಯಲ್ಲಿ ಮೆಲ್ಲಗೆ. ನೀವು ಅಂಚನ್ನೆಲ್ಲ ನೀರು ಹಾಕಿ ಮೆದು ಮಾಡಿರಬೇಕು.

ಸಾಗರದವಳು:
ಚುಕ್ಕೆ ನಿಮ್ಮ ಕೈತಪ್ಪಲ್ಲ, ಅದು ನಮ್ಮ ಮಲೆನಾಡಿನ ಥಂಡಿ. ಬಣ್ಣ ಒಮ್ಮೆಗೇ ಇಂಗದಿರಲಿ ಅಂತ ಹಾಳೆಗೆ ಒಂದು ಅಂಟು ಸೇರಿಸಿರುತ್ತಾರೆ, ಸೈಜಿಂಗ್ ಅಂತಾರಲ್ಲ, ಅದು ಕೆಟ್ಟರೆ ಹೀಗೇ. ನನ್ನದೂ ಒಂದು ಕಟ್ಟು ದಪ್ಪನೆಯ (300 ಜಿಎಸ್‌ಎಂ) ಕಾಟನ್ ಹಾಳೆ ಹಾಳಾಗಿ ತುಂಬಾ ಬೇಜಾರಾಗಿತ್ತು. ಈಗ ಬೇಸಿಗೆಯಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿ ಬಾಯಿ ಮುಚ್ಚಿಡುತ್ತೇನೆ. ಕೆಟ್ಟ ಹಾಳೆ ಎಸೆಯಬೇಡಿ, ಬರೀ ಪೆನ್ಸಿಲ್ ಚಿತ್ರಕ್ಕೆ ಆಗುತ್ತದೆ. ಅದರಲ್ಲಿ ಮೆಟ್ಟುಕತ್ತಿ ಬರೆಯಿರಿ! ಅಡಿಕೆ ಸುಲಿಯುವ ಯಂತ್ರ ಬಂದ ಮೇಲೆ ನಮ್ಮನೆಯದು ಮೂಲೆ ಸೇರಿದೆ, ಮಣೆ ಸವೆದು ನುಣ್ಣಗಾದ ಜಾಗ ಪೆನ್ಸಿಲ್‌ನಲ್ಲಿ ಎಷ್ಟು ಚೆಂದ ಬರುತ್ತದೆ ಗೊತ್ತಾ.

ತೀರ್ಥಹಳ್ಳಿ_ಮನೆ:
ಇಬ್ಬರಿಗೂ ಥ್ಯಾಂಕ್ಸ್. ಹೌದು, ಹಾಳೆ ಅಟ್ಟದ ಮೇಲಿತ್ತು. ಇವತ್ತು ಬಣ್ಣ ಮುಟ್ಟದೆ ಚೊಂಬನ್ನೇ ನೋಡುತ್ತಾ ಕೂತೆ. ಹೊಟ್ಟೆಯ ಮೇಲೆ ಒಂದು ತಗ್ಗಿದೆ, ಬೆಳಕು ಅಲ್ಲಿ ಮುರಿಯುತ್ತದೆ, ಮೂರು ಸಲ ಬರೆದರೂ ನನಗದು ಕಂಡಿರಲಿಲ್ಲ. ಬಾವಿಕಟ್ಟೆಯ ಮೇಲೆ ಬಿದ್ದಿದ್ದು ಅಂದರು ಅಜ್ಜಿ. ನಾಳೆ ಅಲ್ಲಿಂದಲೇ ಶುರು ಮಾಡುತ್ತೇನೆ.