ನಕ್ಷತ್ರಮೀನಿನ ಮೊಟ್ಟೆ ಬಲಿಯುತ್ತದೋ, ಮಾಗುತ್ತದೋ?

ಎಲ್ಲರಿಗೂ ನಮಸ್ಕಾರ. ಹೈಸ್ಕೂಲು ಮಕ್ಕಳಿಗಾಗಿ ನಕ್ಷತ್ರಮೀನಿನ ಸಂತಾನದ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ಎರಡು ದಿನದಿಂದ ನಿಂತುಬಿಟ್ಟಿದ್ದೇನೆ.

ಮೊದಲು ವಿಷಯ ಹೇಳುತ್ತೇನೆ. ನಕ್ಷತ್ರಮೀನಿಗೆ ಮಿದುಳಿಲ್ಲ. ಬಾಯಿಯ ಸುತ್ತ ನರದ ಒಂದು ಬಳೆ, ಅಲ್ಲಿಂದ ತೋಳಿಗೊಂದು ನರ, ಅಷ್ಟೇ. 1959ರಲ್ಲಿ ಅಮೆರಿಕದ ಚೇಟ್ ಮತ್ತು ಮೆಕ್‌ಕಾನಹಿ ಈ ತೋಳಿನ ನರಗಳ ಸಾರ ತೆಗೆದು ನಕ್ಷತ್ರಮೀನಿನ ಮೈಯೊಳಗೆ ಚುಚ್ಚಿದರು. ಮೊಟ್ಟೆಗಳು ಹೊರಗೆ ಬಂದವು! ಆದರೆ ಆ ಸಾರ ಮೊಟ್ಟೆಯನ್ನು ನೇರವಾಗಿ ಮುಟ್ಟುವುದಿಲ್ಲ. ಮೊಟ್ಟೆಯನ್ನು ಸುತ್ತಿಕೊಂಡಿರುವ ಜೀವಕೋಶಗಳನ್ನು ಅದು ಎಬ್ಬಿಸುತ್ತದೆ. ಅವು 1-ಮಿಥೈಲ್‌ಅಡೆನಿನ್ ಎಂಬ ಇನ್ನೊಂದು ವಸ್ತು ತಯಾರಿಸುತ್ತವೆ. ಮೊಟ್ಟೆಗೆ ತಟ್ಟುವುದು ಇದು. ಇದನ್ನು ಗುರುತಿಸಿದವರು ಜಪಾನಿನ ಕನಾತಾನಿ ಮತ್ತು ಸಂಗಡಿಗರು, 1969ರಲ್ಲಿ. ನರದೊಳಗಿನ ವಸ್ತು ಯಾವುದು ಅಂತ ತಿಳಿಯಲು ಇನ್ನೂ 40 ವರ್ಷ ಬೇಕಾಯಿತು. ಅದು ರಿಲ್ಯಾಕ್ಸಿನ್ ಬಳಗದ ಪೆಪ್ಟೈಡ್, ಅಂದರೆ ಪುಟ್ಟ ಪ್ರೋಟೀನಿನಂಥ ವಸ್ತು ಎಂದು 2009ರಲ್ಲಿ ಮಿಟಾ ಮತ್ತು ಸಂಗಡಿಗರು ತೋರಿಸಿದರು. ಬಸುರಿ ಹೆಂಗಸರ ಮೈಯಲ್ಲಿ ಜಾಸ್ತಿಯಾಗುವ ರಿಲ್ಯಾಕ್ಸಿನ್ ಎಂಬ ಹಾರ್ಮೋನು ಗೊತ್ತಲ್ವಾ, ಅದರ ದೂರದ ನೆಂಟ. ಇದನ್ನು ಓದಿದಾಗ ನನಗೆ ನಿಜಕ್ಕೂ ರೋಮಾಂಚನವಾಯಿತು.

ಈಗ ಪದ. 1-ಮಿಥೈಲ್‌ಅಡೆನಿನ್ ತಟ್ಟಿದ ಮೇಲೆ ಮೊಟ್ಟೆಗೆ ಏನಾಗುತ್ತದೆ? ಸುಮ್ನೆ 'ಪಕ್ವವಾಗುತ್ತದೆ' ಎಂದು ಬರೆದು ಮುಂದೆ ಹೋಗಬಹುದು. ಆದರೆ ಆ ಪದ ಎರಡು ಬೇರೆ ಘಟ್ಟಗಳನ್ನು ಕಲಸಿಬಿಡುತ್ತದೆ. ಮೊಟ್ಟೆ ಮೊದಲೇ ಪೂರ್ತಿ ಬೆಳೆದಿರುತ್ತದೆ. ಬೆಳೆದು, ಕೋಶ ವಿಭಜನೆಯ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿ, ಕಾಯುತ್ತಾ ಕೂತಿರುತ್ತದೆ. ಸಂದೇಶ ಬಂದ ಸುಮಾರು ಅರ್ಧ ಗಂಟೆಯಲ್ಲಿ ಅದರ ಕೋಶಕೇಂದ್ರದ ಪೊರೆ ಕರಗಿ, ನಿಂತ ಕೆಲಸ ಮತ್ತೆ ಶುರುವಾಗುತ್ತದೆ.

ನಮ್ಮ ಮಾವಿನಕಾಯಿ ನೋಡಿ. ಬಲಿತ ಕಾಯಿ ಇನ್ನು ದೊಡ್ಡದಾಗುವುದಿಲ್ಲ. ಹಾಗಂತ ಅದು ಹಣ್ಣೂ ಅಲ್ಲ. ಹುಲ್ಲಿನಲ್ಲಿ ಮುಚ್ಚಿಟ್ಟರೆ ಮಾಗುತ್ತದೆ. ಎಳೆಗಾಯಿಯನ್ನು ಎಷ್ಟು ದಿನ ಮುಚ್ಚಿಟ್ಟರೂ ಸುಕ್ಕಾಗುತ್ತದೆಯೇ ಹೊರತು ಮಾಗುವುದಿಲ್ಲ. ಹಾಗಾಗಿ ಮೊದಲ ಘಟ್ಟಕ್ಕೆ 'ಬಲಿ', ಎರಡನೆಯದಕ್ಕೆ 'ಮಾಗು' ಸರಿ ಅಂತ ನನ್ನ ಅನಿಸಿಕೆ. 1-ಮಿಥೈಲ್‌ಅಡೆನಿನ್ ಬಲಿತ ಮೊಟ್ಟೆಯನ್ನು ಮಾಗಿಸುತ್ತದೆ; ನರದ ಪೆಪ್ಟೈಡ್ ಮಾಗಿಸುವ ವಸ್ತುವನ್ನು ಮಾಡಿಸುತ್ತದೆ. ನಮ್ಮ '-ಇಸು' ಪ್ರತ್ಯಯ ಎಷ್ಟು ಚೆನ್ನಾಗಿ ಒದಗಿಬರುತ್ತದೆ ನೋಡಿ. ಒಂದೇ ಅನುಮಾನ: 'ಮಾಗು' ಅಂದರೆ ನಿಧಾನ, ದಿನಗಟ್ಟಲೆ ಎಂಬ ಭಾವ ಇದೆ. ಇಲ್ಲಿ ಅರ್ಧ ಗಂಟೆ. ಓದುವ ಮಕ್ಕಳಿಗೆ ಇದು ತೊಡಕಾಗುತ್ತದೆಯೇ?

ಇನ್ನೊಂದು ಪದ. 'ಮೊಟ್ಟೆ ಇಡುತ್ತದೆ' ಅನ್ನಲು ಮನಸ್ಸಿಲ್ಲ. ಕೋಳಿ ಇಡುತ್ತದೆ, ಒಂದು ಜಾಗ ನೋಡಿ. ನಕ್ಷತ್ರಮೀನು ನೀರಿಗೇ ಬಿಟ್ಟುಬಿಡುತ್ತದೆ, ಗಂಡೂ ವೀರ್ಯವನ್ನು ಹಾಗೇ ಬಿಡುತ್ತದೆ, ಕೂಡುವುದು ನೀರಿನಲ್ಲಿ. ಎರಡಕ್ಕೂ ಹೊಂದುವ ಒಂದೇ ಕ್ರಿಯಾಪದ ಬೇಕು. 'ಚೆಲ್ಲು' ಅಂದರೆ ಹಾಳುಮಾಡಿದಂತೆ ಕೇಳುತ್ತದೆ. 'ಸೂಸು' ನನಗೆ ಇಷ್ಟ. ಮೊಟ್ಟೆ ಅಥವಾ ವೀರ್ಯ ತುಂಬಿದ ಚೀಲದ ಗೋಡೆ ಹಿಂಡಿಕೊಂಡು ಅವು ಸಣ್ಣ ತೂತುಗಳಿಂದ ಹೊರಬರುವುದಕ್ಕೆ ಅದು ಒಪ್ಪುತ್ತದೆ.

ಕಡಲ ತೀರದವರು, ಮೀನುಗಾರಿಕೆಯ ಮನೆಯವರು ಇಲ್ಲಿ ಇದ್ದರೆ ದಯವಿಟ್ಟು ಹೇಳಿ. ಮೀನು ನೀರಿನಲ್ಲಿ ಮೊಟ್ಟೆ ಬಿಡುವುದಕ್ಕೆ ನಿಮ್ಮ ಮನೆಮಾತಿನಲ್ಲಿ ಏನನ್ನುತ್ತೀರಿ?