‘ಚಾರ್ಜ್’ಗೆ ಕನ್ನಡದಲ್ಲಿ ಏನನ್ನೋಣ?

ಬಸ್ ಚಾರ್ಜ್ ಜಾಸ್ತಿ ಆಯ್ತು. ಪೊಲೀಸರು ಲಾಠಿ ಚಾರ್ಜ್ ಮಾಡಿದರು. ಹೊಸ ತಹಶೀಲ್ದಾರರು ಚಾರ್ಜ್ ತಗೊಂಡರು. ಕೋರ್ಟಿಗೆ ಚಾರ್ಜ್‌ಶೀಟ್ ಹೋಯಿತು. ಮೊಬೈಲಿನಲ್ಲಿ ಚಾರ್ಜ್ ಇಲ್ಲ. ಇಷ್ಟಕ್ಕೂ ಸಲ್ಲುವ ಒಂದು ಕನ್ನಡ ಮಾತು ಇದೆಯೇ?

ಇಂಗ್ಲಿಷಿಗೆ ಈ ಪದ ಹಳೆಯ ಫ್ರೆಂಚಿನಿಂದ ಬಂತು. ಬೇರು ಲ್ಯಾಟಿನ್ನಿನ ‘ಕಾರ್ರುಸ್’, ಅಂದರೆ ಗಾಡಿ. ಗಾಡಿಗೆ ಸರಕು ತುಂಬುವುದೇ ಮೊದಲ ಅರ್ಥ. ಕಾರು, ಕಾರ್ಗೊ ಕೂಡ ಇದೇ ಮನೆತನದವು. ಆಮೇಲೆ ಹೊರೆ ಗಾಡಿಯಿಂದ ಮನುಷ್ಯನ ತಲೆಗೆ ಬಂತು. ಹಣದ ಹೊರೆ, ಕೆಲಸದ ಹೊರೆ, ಅಪರಾಧದ ಹೊರೆ. ಬಂದೂಕಿಗೆ ತುಂಬುವ ಮದ್ದೂ ಚಾರ್ಜೇ. 1740ರ ದಶಕದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ವಿದ್ಯುತ್ ಕೂಡಿಡುವ ಗಾಜಿನ ‘ಲೈಡನ್ ಜಾಡಿ’ಗೆ ವಿದ್ಯುತ್ ತುಂಬುವುದಕ್ಕೂ ಇದೇ ಮಾತು ಬಳಸಿದ.

ಮಜಾ ಇರುವುದು ಇಲ್ಲಿ. ನಾವೂ ಗಾಡಿಗೆ ಮೂಟೆ ಹೇರುತ್ತೇವೆ. ತೆರಿಗೆ, ದಂಡವನ್ನೂ ಹೇರುತ್ತೇವೆ. ಆರೋಪ ಹೊರಿಸುತ್ತೇವೆ, ಹೊಣೆ ಹೊರಿಸುತ್ತೇವೆ. ‘ಪ್ರಭಾರ’ ಕುಲಪತಿ ಅನ್ನುವಲ್ಲೂ ಭಾರ ಕೂತಿದೆ. ಅಂದರೆ ‘ಹೇರು’, ‘ಹೊರಿಸು’ ಎಂಬ ಎರಡೇ ಮಾತಿನಲ್ಲಿ ಅರ್ಧ ಕೆಲಸ ಮುಗಿಯಿತು, ಅಲ್ವಾ? ದೋಷಾರೋಪ ಪಟ್ಟಿ ಅಂತ ಪತ್ರಿಕೆಗಳು ಬರೆಯುತ್ತವೆ. ಅದೂ ಹೊರಿಸಿದ್ದರ ಪಟ್ಟಿಯೇ. ಇನ್‌ಚಾರ್ಜ್ ಮಂತ್ರಿಗೆ ‘ಉಸ್ತುವಾರಿ ಸಚಿವ’ ಚೆನ್ನಾಗಿಯೇ ಒಗ್ಗಿದೆ.

ಮೇಲೆ ನುಗ್ಗುವ ಅರ್ಥಕ್ಕೆ ಮಾತ್ರ ಹೇರು, ಹೊರಿಸು ಬರುವುದಿಲ್ಲ. ಲಾಠಿ ಪ್ರಹಾರದಲ್ಲಿ ಬರೀ ಏಟು ಕಾಣುತ್ತದೆ, ನುಗ್ಗುವುದು ಕಾಣುವುದಿಲ್ಲ. ಆನೆ ಚಾರ್ಜ್ ಮಾಡಿದರೆ ‘ಅಟ್ಟಿಸಿಕೊಂಡು ಬಂತು’ ಅಂದರೆ ಸಾಕು. ಇನ್ನು ವಿದ್ಯುತ್ತಿನ ಚಾರ್ಜಿಗೆ ಪಠ್ಯಪುಸ್ತಕ ಕೊಡುವ ‘ವಿದ್ಯುದಾವೇಶ’ ನನಗಂತೂ ಹಿಡಿಸುವುದಿಲ್ಲ. ಎಲೆಕ್ಟ್ರಾನಿನ ಮೈಮೇಲೆ ದೇವರು ಬಂದ ಹಾಗೆ ಕೇಳುತ್ತದೆ.

ಇನ್ನು ಕೆಲವು ಕಡೆ ಇದು ಇಂಗ್ಲಿಷೇ ಅಲ್ಲ. ಇಂಗ್ಲಿಷರು ಬಸ್ಸಿಗೆ ಕೊಡುವುದು ‘ಫೇರ್’. ‘ಬಸ್ ಚಾರ್ಜ್’ ನಮ್ಮದು. ‘ಫೋನ್ ಚಾರ್ಜಿಗೆ ಹಾಕು’, ‘ಚಾರ್ಜ್ ನಿಲ್ತಾ ಇಲ್ಲ’ ಅನ್ನುವಾಗ ವಿಭಕ್ತಿ, ಕ್ರಿಯಾಪದ ಎಲ್ಲ ಕನ್ನಡದವೇ. ಇದಕ್ಕೆ ಸುಮ್ನೆ ಹೊಸ ಪದ ಹುಡುಕುವ ಗೋಜು ಬೇಡ ಅನ್ನಿಸುತ್ತದೆ. ಉತ್ತರ ಕರ್ನಾಟಕದ ಕಡೆ ‘ಚಾರ್ಜಿಗೆ ಹಚ್ಚು’ ಅನ್ನುತ್ತಾರೆ. ದೀಪ ಹಚ್ಚುವ ಹಚ್ಚು ಇದೋ, ಬಣ್ಣ ಹಚ್ಚುವ ಹಚ್ಚೋ? ಆ ಕಡೆಯವರು ಹೇಳಬೇಕು.