ಅಪ್‌ಡೇಟ್: 18 ಬಿಗ್ ಬ್ಲೈಂಡ್ ಪ್ರಶ್ನೆ ಕೇಳಿದ್ದವನು

ಪೋಕರ್ ಟೂರ್ನಮೆಂಟ್ ಬಗ್ಗೆ ಹಿಂದೆ ಕೇಳಿದ್ದೆ: ಬ್ಲೈಂಡ್ (ಪ್ರತಿ ಆಟಕ್ಕೂ ಇಬ್ಬರು ಸರದಿಯಲ್ಲಿ ಕಡ್ಡಾಯವಾಗಿ ಇಡೋ ಚಿಪ್ಸ್, ದೊಡ್ಡದೇ ಬಿಗ್ ಬ್ಲೈಂಡ್) 500-1000, ಒಂಬತ್ತು ಜನ, ತಲಾ 100 ಆಂಟೆ (ಪ್ರತಿ ಆಟಕ್ಕೂ ಎಲ್ಲರೂ ಇಡೋದು). ನನ್ನ ಹತ್ತಿರ 18,000 ಚಿಪ್ಸ್, ಅಂದ್ರೆ 18 ಬಿಗ್ ಬ್ಲೈಂಡ್. ಇಷ್ಟಿದ್ದರೂ ಕಡಿಮೆ ಅಂತ ಯಾಕೆ ಹೇಳ್ತಾರೆ? ನೀವೆಲ್ಲ 'ಎಂ' ಲೆಕ್ಕ ಹಾಕು ಅಂದಿರಿ, ಅಂದ್ರೆ ನಮ್ಮ ಚಿಪ್ಸನ್ನ ಒಂದು ಸುತ್ತಿನ ಬ್ಲೈಂಡ್, ಆಂಟೆ ಖರ್ಚಿನಿಂದ ಭಾಗಿಸೋದು. ಆಟಗಾರ ಪಾಲ್ ಮ್ಯಾಗ್ರಿಯಲ್ ಹೆಸರಿನ ಲೆಕ್ಕ, ಇನ್ನೊಬ್ಬ ಪೋಕರ್ ಆಟಗಾರ ಡ್ಯಾನ್ ಹ್ಯಾರಿಂಗ್ಟನ್ ಜನಪ್ರಿಯ ಮಾಡಿದ್ದು. ಒಂದು ಸುತ್ತಿನ ಖರ್ಚು 2,400. ಭಾಗಿಸಿದರೆ 7.5. ಅಂದ್ರೆ ಸುಮ್ನೆ ಕೂತರೆ ಏಳೂವರೆ ಸುತ್ತಿಗೆ ಎಲ್ಲ ಖಾಲಿ. ಅಷ್ಟೇ ಸಾಕಾಯ್ತು ನನಗೆ!

ಹೋದ ವಾರ ಗೋವಾದಲ್ಲಿ ಆಡಿದೆ. 11 ಜನ ಉಳಿದಿದ್ದರು, ನನ್ನ ಟೇಬಲ್‌ನಲ್ಲಿ ಆರು. ಬ್ಲೈಂಡ್ 1000-2000, ಆಂಟೆ 200. ಒಂದು ಸುತ್ತಿನ ಖರ್ಚು 4,200. ನನ್ನದು 21,000, ಎಂ ಸರಿಯಾಗಿ 5. ಜನ ಕಡಿಮೆ ಇದ್ದರೆ ಬ್ಲೈಂಡ್ ಬೇಗ ಬೇಗ ಬರುತ್ತೆ ಅಲ್ವಾ? ಹಾಗಾಗಿ ಪೂರ್ತಿ ಟೇಬಲ್ ಅಂದ್ರೆ ಹತ್ತು ಜನ ಅಂತ ಇಟ್ಟು, ಹತ್ತರಲ್ಲಿ ಆರು ಪಾಲು ಲೆಕ್ಕ ಹಿಡಿದರೆ ಎಂ ಬರೀ 3.

ಬಟನ್‌ನಲ್ಲಿ (ಬ್ಲೈಂಡ್ ಇಡೋ ಇಬ್ಬರಿಗಿಂತ ಸ್ವಲ್ಪ ಮೊದಲಿನ ಜಾಗ) ಆಟಿನ್ ಎಕ್ಕ, ಆಟಿನ್ ಏಳು ಬಂತು. ನನಗಿಂತ ಮೊದಲು ಆಡಬೇಕಾದವರೆಲ್ಲ ಫೋಲ್ಡ್ (ಎಲೆ ಬಿಟ್ಟರು). ಮೊದಲಾಗಿದ್ದರೆ ಪಂದ್ಯ 5,000ಕ್ಕೆ ಏರಿಸಿ, ಯಾರಾದರೂ ಆಲ್-ಇನ್ (ಇರೋ ಚಿಪ್ಸ್ ಎಲ್ಲ ಪಣಕ್ಕೆ) ಅಂದರೆ ಎಲೆ ಎಸೆಯುತ್ತಿದ್ದೆ. ಈ ಸಲ ಎರಡೂ ಕೈಯಲ್ಲಿ ಚಿಪ್ಸ್ ಪೂರ್ತಿ ಮುಂದೆ ತಳ್ಳಿದೆ. ಬಿಗ್ ಬ್ಲೈಂಡ್‌ನವರು ತಮ್ಮ ಎಲೆಯ ಮೂಲೆ ಎರಡು ಸಲ ಎತ್ತಿ ನೋಡಿದರು. ಆಮೇಲೆ ಬಿಟ್ಟರು. ಎಲೆ ತೋರಿಸದೆ 4,200 ಬಂತು, ನನ್ನ ಚಿಪ್ಸ್‌ನ ಐದನೇ ಒಂದು ಪಾಲು!

ಆಮೇಲೆ ಜೋಡಿ ಒಂಬತ್ತಿಟ್ಟುಕೊಂಡು ಜೋಡಿ ರಾಣಿಗೆ ಸೋತು ಹೊರಬಂದೆ. ಆ ಆಲ್-ಇನ್ ಬಗ್ಗೆ ಬೇಸರ ಇಲ್ಲ, ನಾಳೆಯೂ ಹಾಗೇ ಆಡ್ತೀನಿ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.